ಸಮುದ್ರಕ್ಕೂ ಅಪಾಯಿಂಟ್‌ಮೆಂಟ್

ಬೆನ್ನಿಗೊಂದು ಚೀಲ ಏರಿಸಿ, ಗಾಳಿ ಬೀಸಿದ ಕಡೆ ಹೊರಟುಬಿಡುವವನೇ ಬ್ಯಾಕ್‌ಪ್ಯಾಕರ್ ಎಂದು ಪ್ರವಾಸದ ಪುಸ್ತಕಗಳು ಹೇಳುತ್ತವೆ. ಭಾರತದ ಪಾಸ್‌ಪೋರ್ಟ್ ಹಿಡಿದವನು ಹಾಗೆ ನೆದರ್ಲೆಂಡ್ಸಿಗೆ ಹೊರಡಬೇಕಾದರೆ, ಗಾಳಿ ಯಾವ ತಾರೀಖು ಯಾವ ಊರಿನ ಕಡೆ ಬೀಸಲಿದೆ ಎಂದು ಮೊದಲೇ ಬರೆದುಕೊಡಬೇಕು. ಜೊತೆಗೆ ಮಲಗುವ ಮಂಚದ ಬುಕಿಂಗು, ವಾಪಸ್ ಟಿಕೆಟ್ಟು, ಬ್ಯಾಂಕಿನ ಸ್ಟೇಟ್‌ಮೆಂಟು, ಸಂಬಳದ ಚೀಟಿ, ರಜೆ ಕೊಟ್ಟಿದ್ದೇವೆಂದು ಆಫೀಸಿನವರ ಪತ್ರ, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಎಲ್ಲದರ ಮೇಲೆ 90 ಯೂರೋ ಫೀಸು. ಷೆಂಗೆನ್ ವೀಸಾದ ಈ ಫೈಲು ಕಟ್ಟಿ ಮುಗಿಸುವ ಹೊತ್ತಿಗೆ ಮನುಷ್ಯನಿಗೆ ಅಲೆಮಾರಿಯಾಗುವ ಆಸೆ ಸತ್ತು, ಪಿಡಬ್ಲ್ಯುಡಿ ಗುತ್ತಿಗೆದಾರನಾಗುವ ಅರ್ಹತೆ ಬಂದಿರುತ್ತದೆ.

ಹೊರಟಿದ್ದಾದರೂ ಎಲ್ಲಿಗೆ? ಸ್ವಾತಂತ್ರ್ಯಕ್ಕೆ ಹೆಸರಾದ ದೇಶಕ್ಕೆ. ಆಮ್‌ಸ್ಟರ್‌ಡ್ಯಾಮ್ ಎಂದ ಕೂಡಲೇ ಆಫೀಸಿನ ಗಂಡಸರು ಕಣ್ಣು ಮಿಟುಕಿಸಿದರು. ‘ಮ್ಯೂಸಿಯಂ ನೋಡೋಕೆ’ ಎಂದರೆ ಇನ್ನೂ ಜೋರಾಗಿ ಮಿಟುಕಿಸಿದರು. ಹೋಗಿ ಬಂದ ಮೇಲೆ ಅವರಿಗೆ ಹೇಳಬೇಕಾದ್ದು ಇಷ್ಟೆ: ಸ್ವಾಮಿ, ಅಲ್ಲಿ ಸ್ವಾತಂತ್ರ್ಯ ಧಾರಾಳವಾಗಿದೆ. ಆದರೆ ಗ್ರಾಮಿನ ಲೆಕ್ಕದಲ್ಲಿ ತೂಗಿ, ಬಿಲ್ಲು ಹಾಕಿ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಎಂದು ಬೋರ್ಡು ಬರೆದು ಕೊಡುತ್ತಾರೆ.

ವಿಮಾನ ಇಳಿಯುವುದೇ ಕೆರೆಯ ತಳಕ್ಕೆ. ಸ್ಖಿಪೋಲ್ ವಿಮಾನ ನಿಲ್ದಾಣ ಸಮುದ್ರಮಟ್ಟಕ್ಕಿಂತ 3 ಮೀಟರಿಗೂ ಹೆಚ್ಚು ಕೆಳಗಿದೆ. ಒಂದು ಕಾಲಕ್ಕೆ ಅಲ್ಲಿ ಹಾರ್ಲೆಮ್ಮರ್‌ಮೇರ್ ಎಂಬ ಭಾರಿ ಸರೋವರವಿತ್ತು. ಬಿರುಗಾಳಿ ಎದ್ದರೆ ಒಂದು ಕಡೆ ಆಮ್‌ಸ್ಟರ್‌ಡ್ಯಾಮ್, ಇನ್ನೊಂದು ಕಡೆ ಲೀಡನ್ ಊರಿನ ಬಾಗಿಲು ತಟ್ಟುತ್ತಿತ್ತು. ಡಚ್ಚರು ಉಗಿಯಂತ್ರದ ಮೂರು ಪಂಪ್‌ಹೌಸ್ ಕಟ್ಟಿ, ಮೂರು ವರ್ಷಕ್ಕೂ ಮೇಲೆ ನೀರೆತ್ತಿ, 1852ರಲ್ಲಿ ಸರೋವರವನ್ನೇ ಖಾಲಿ ಮಾಡಿದರು. ಕೆರೆ ನುಂಗುವ ವಿದ್ಯೆಯಲ್ಲಿ ಬೆಂಗಳೂರಿನವರನ್ನು ಮೀರಿಸಿದವರಿಲ್ಲ ಎಂಬ ನನ್ನ ಊರಭಿಮಾನಕ್ಕೆ ಇಮಿಗ್ರೇಷನ್ ಸಾಲಿನಲ್ಲೇ ಪೆಟ್ಟು ಬಿತ್ತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಾವು ಕಟ್ಟಿದ್ದು ಮೆಜೆಸ್ಟಿಕ್ ಬಸ್ ನಿಲ್ದಾಣ, ಅವರು ಕಟ್ಟಿದ್ದು ವಿಮಾನ ನಿಲ್ದಾಣ. ಇನ್ನೊಂದು ಸಣ್ಣ ವ್ಯತ್ಯಾಸವೂ ಇದೆ. ಅವರು ನುಂಗಿದ ಮೇಲೂ ಪಂಪು ಆರಿಸಿಲ್ಲ. ನಾವು ನುಂಗಿ, ಬಾಯಿ ಒರೆಸಿಕೊಂಡು, ಮಳೆಗಾಲದಲ್ಲಿ ನೀರು ತನ್ನ ಹಳೆಯ ವಿಳಾಸ ಹುಡುಕಿಕೊಂಡು ಬಂದಾಗ ವರುಣನನ್ನು ಬೈಯುತ್ತೇವೆ.

ಈ ದೇಶದ ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಹಾಗಾಗಿ ನೀರಿನ ಲೆಕ್ಕವನ್ನು ಇವರು ಬಡ್ಡಿ ಸಮೇತ ಇಟ್ಟಿದ್ದಾರೆ. ನೀರಿಗೆಂದೇ 21 ಮಂಡಳಿಗಳಿವೆ, ಕೆಲವಕ್ಕೆ 13ನೇ ಶತಮಾನದ ಇತಿಹಾಸವಿದೆ. ಅವಕ್ಕೆ ಪ್ರತ್ಯೇಕ ತೆರಿಗೆ, ಪ್ರತ್ಯೇಕ ಚುನಾವಣೆ. ಜನ ಕ್ಯೂ ನಿಂತು ಚರಂಡಿ ಮತ್ತು ಏರಿಗಳ ಪ್ರತಿನಿಧಿಯನ್ನು ಆರಿಸುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ನಗರಸಭೆ ಕಟ್ಟಡದೊಳಗೆ ಹಿತ್ತಾಳೆಯ ಒಂದು ಗುಬುಟು ಇದೆ. ದೇಶದ ಎಲ್ಲ ಎತ್ತರಗಳನ್ನೂ ಅಳೆಯುವ ಸೊನ್ನೆಯ ಗುರುತು ಅದು. ಪಕ್ಕದಲ್ಲಿ ನೀರು ತುಂಬಿದ ಗಾಜಿನ ಕೊಳವೆಗಳು. ಎರಡರಲ್ಲಿ ಈ ಕ್ಷಣ ಕರಾವಳಿಯಲ್ಲಿ ಸಮುದ್ರ ಎಷ್ಟು ಎತ್ತರದಲ್ಲಿದೆ ಎಂದು ಕಾಣುತ್ತದೆ, ನನ್ನ ಮಂಡಿಯ ಆಸುಪಾಸು. ಮೂರನೆಯದನ್ನು ನೋಡಲು ಕತ್ತು ಎತ್ತಬೇಕು. ನಾಲ್ಕೂವರೆ ಮೀಟರ್. 1953ರ ಫೆಬ್ರವರಿ 1ರ ನಸುಕಿನಲ್ಲಿ ಬಂದ ನೀರಿನ ಮಟ್ಟ. ಆ ಪ್ರವಾಹದಲ್ಲಿ 1,836 ಜನ ಸತ್ತರು. ವ್ಯಂಗ್ಯ ಬರೆಯುವವನು ಆ ಕೊಳವೆಯ ಮುಂದೆ ಸ್ವಲ್ಪ ಹೊತ್ತು ಪೆನ್ನು ಜೇಬಿಗೆ ಹಾಕಿಕೊಳ್ಳುವುದು ಮರ್ಯಾದೆ.

ಅದಾದ ಮೇಲೆ ಸಮುದ್ರದ ಜೊತೆ ಇವರು ಮಾಡಿಕೊಂಡಿರುವ ಕರಾರು ನೋಡಬೇಕು. ರಾಟರ್‌ಡ್ಯಾಮಿನ ಹಡಗುದಾರಿಗೆ 1997ರಲ್ಲಿ ಎರಡು ಬಾಗಿಲು ಇಟ್ಟರು. ಒಂದೊಂದೂ 210 ಮೀಟರ್ ಉದ್ದ, 22 ಮೀಟರ್ ಎತ್ತರ. ನೀರು 3 ಮೀಟರ್ ಏರುತ್ತದೆಂದು ಮುನ್ಸೂಚನೆ ಬಂದರೆ ಬಾಗಿಲು ಮುಚ್ಚುತ್ತದೆ. ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಂತ್ರಿಯಲ್ಲ, ಕಂಪ್ಯೂಟರು. ಇಂಥ ಹೊತ್ತಿನಲ್ಲಿ ಮನುಷ್ಯರನ್ನು ನಂಬಬಾರದೆಂದು ಮನುಷ್ಯರೇ ನಿರ್ಧರಿಸಿ ಹಾಗೆ ಮಾಡಿದ್ದಾರೆ. 2023ರ ಡಿಸೆಂಬರಿನಲ್ಲಿ ಬಿರುಗಾಳಿ ಬಂದಾಗ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಮ್ಮಲ್ಲಾಗಿದ್ದರೆ ಬಾಗಿಲು ಮುಚ್ಚುವ ಮೊದಲು ಸಚಿವರು ಬರಬೇಕು, ಸ್ವಿಚ್ಚಿಗೆ ಹೂವಿನ ಹಾರ ಹಾಕಬೇಕು, ಅಷ್ಟರಲ್ಲಿ ಸಮುದ್ರವೇ ವೇದಿಕೆಗೆ ಬಂದು ಆಸೀನವಾಗಿರುತ್ತಿತ್ತು.

ಇಷ್ಟೆಲ್ಲ ನೀರಿರುವ ದೇಶದಲ್ಲಿ ಹೋಟೆಲಿಗೆ ಹೋಗಿ ಒಂದು ಲೋಟ ನೀರು ಕೇಳಿ ನೋಡಿ. ಎಷ್ಟೋ ಕಡೆ ನಲ್ಲಿ ನೀರು ಕೊಡುವುದಿಲ್ಲ. ಬೆಲ್ಜಿಯಮ್ಮಿನಿಂದ ಬಂದ ಬಾಟಲಿಯನ್ನು ದುಡ್ಡು ಕೊಟ್ಟು ಕುಡಿಯಬೇಕು. ನಲ್ಲಿ ನೀರು ಚೆನ್ನಾಗಿಲ್ಲವೇ ಎಂದು ಕೇಳಿದೆ. ‘ಯುರೋಪಿನಲ್ಲೇ ಬಹಳ ಒಳ್ಳೆಯ ನೀರು’ ಎಂದು ಹೆಮ್ಮೆಯಿಂದ ಹೇಳಿದ ಹುಡುಗ ಬಾಟಲಿಯ ಮುಚ್ಚಳ ತೆಗೆದ. ಕುಡಿದದ್ದನ್ನು ಹೊರಗೆ ಬಿಡುವುದಕ್ಕೂ ಬೆಲೆ ಇದೆ. ರೈಲು ನಿಲ್ದಾಣದ ಶೌಚಾಲಯದ ಮುಂದೆ ಮೆಟ್ರೋದಂಥ ಗೇಟು, ಕಾರ್ಡು ಮುಟ್ಟಿಸಿದರೆ ಮಾತ್ರ ತೆರೆಯುತ್ತದೆ. ಗಂಡಸರಿಗೆ ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯಲ್ಲಿ ಹಸಿರು ಬಣ್ಣದ, ಸುರುಳಿಯಾಕಾರದ ಕಬ್ಬಿಣದ ಮರೆಗಳಿವೆ, ಪುಕ್ಕಟೆ. ಹೆಂಗಸರಿಗೆ? ರಾತ್ರಿ ಹೊತ್ತು ಬೇರೆ ದಾರಿ ಕಾಣದೆ ಬೀದಿಯಲ್ಲಿ ಕೂತ ಒಬ್ಬಾಕೆಗೆ ದಂಡ ಬಿತ್ತು. ಪ್ರಕರಣ ಕೋರ್ಟಿಗೆ ಹೋಗಿ, 2017ರಲ್ಲಿ ನ್ಯಾಯಾಧೀಶರು ಗಂಡಸರ ಮರೆಯನ್ನೇ ಬಳಸಬಹುದಿತ್ತಲ್ಲ ಎಂಬರ್ಥದ ಮಾತಾಡಿದರು. ಸಮುದ್ರವನ್ನು ಬಾಗಿಲು ಹಾಕಿ ನಿಲ್ಲಿಸಿದ ಎಂಜಿನಿಯರಿಂಗಿಗೆ ಇದೊಂದು ಬಗೆಹರಿದಿರಲಿಲ್ಲ ನೋಡಿ.

ಸೈಕಲ್ಲಿನ ವಿಷಯಕ್ಕೆ ಬರೋಣ. ಬರದಿದ್ದರೆ ಅದೇ ಬಂದು ಗುದ್ದುತ್ತದೆ. ಸುಮಾರು 1.8 ಕೋಟಿ ಜನರ ದೇಶದಲ್ಲಿ ಸೈಕಲ್ಲುಗಳು 2 ಕೋಟಿಗೂ ಹೆಚ್ಚು. ಕೆಂಪು ಹಾದಿ ಅವುಗಳದು. ಅದರ ಮೇಲೆ ನಿಂತು ಸೆಲ್ಫಿ ತೆಗೆಯುವ ಪ್ರವಾಸಿಗೆ ಬೆಲ್ಲು ಒಂದೇ ಸಲ ಕೇಳಿಸುತ್ತದೆ. ಎರಡನೆಯದಕ್ಕೆ ಸಮಯವಿರುವುದಿಲ್ಲ. ಮುಂದಿನ ಮರದ ಪೆಟ್ಟಿಗೆಯಲ್ಲಿ ಇಬ್ಬರು ಮಕ್ಕಳು, ಹಿಂದಿನ ಸೀಟಿನಲ್ಲಿ ಇನ್ನೊಂದು, ಒಂದು ಕೈಯಲ್ಲಿ ಛತ್ರಿ, ಎದುರಿಗೆ ಮಳೆ: ಹೀಗೆ ಬರುವ ತಾಯಂದಿರ ಮುಖದಲ್ಲಿ ಕಷ್ಟದ ಗೆರೆ ಒಂದೂ ಇರುವುದಿಲ್ಲ. ಬಾಡಿಗೆ ಸೈಕಲ್ಲಿನ ಹ್ಯಾಂಡಲಿನಲ್ಲಿ ಬ್ರೇಕ್ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆಯಂತೆ. ಗಂಡಸರ ಸರಾಸರಿ ಎತ್ತರವೇ ಆರಡಿ ಇರುವ ಊರು, ಸೀಟನ್ನು ಎಷ್ಟು ಇಳಿಸಿದರೂ ನನ್ನ ಕಾಲಿನ ಹೆಬ್ಬೆರಳಿಗೆ ಮಾತ್ರ ನೆಲ ಸಿಕ್ಕಿತು. ಹಾಸ್ಟೆಲಿನ ಕನ್ನಡಿಯಲ್ಲೂ ನನಗೆ ಕಾಣುತ್ತಿದ್ದುದು ನನ್ನ ಹಣೆ ಮಾತ್ರ. ಗಡ್ಡವನ್ನು ಅಂದಾಜಿನ ಮೇಲೆ ಹೆರೆದುಕೊಂಡು ದೇಶ ಸುತ್ತಿದೆ.

ಯುಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಮೂರಂತಸ್ತಿನ ಜಾಗವಿದೆ, ಜಗತ್ತಿನಲ್ಲೇ ದೊಡ್ಡದು. ಒಳಗೆ ಸೈಕಲ್ ತುಳಿದುಕೊಂಡೇ ಹೋಗಬಹುದು, ಯಾವ ಸಾಲಿನಲ್ಲಿ ಎಷ್ಟು ಜಾಗ ಖಾಲಿ ಎಂದು ದೀಪದ ಬೋರ್ಡು ಹೇಳುತ್ತದೆ. ಮೊದಲ 24 ಗಂಟೆ ಉಚಿತ. ‘ಉಚಿತ’ ಎಂಬ ಮಾತನ್ನು ಆ ದೇಶದಲ್ಲಿ ನಾನು ಓದಿದ್ದು ಅಲ್ಲೇ ಮೊದಲು. ಮಾರ್ಕ್ ರುಟ್ಟೆ ಸುಮಾರು 14 ವರ್ಷ ಪ್ರಧಾನಿಯಾಗಿದ್ದು, 2024ರ ಜುಲೈನಲ್ಲಿ ಅಧಿಕಾರ ಬಿಟ್ಟುಕೊಟ್ಟ ದಿನ ಕೈಕುಲುಕಿ ಸೈಕಲ್ ಹತ್ತಿ ಹೊರಟುಹೋದರು. ವಿಧಾನಸೌಧದ ಮೆಟ್ಟಿಲ ಬಳಿ ಆ ದೃಶ್ಯವನ್ನು ಕಲ್ಪಿಸಿಕೊಳ್ಳಲು ಹೋಗಬೇಡಿ, ತಲೆ ಸುತ್ತುತ್ತದೆ. ಮೊದಲು ಸೈಕಲ್ಲಿಗೆ ಎಸ್ಕಾರ್ಟ್ ಬೇಕು, ಎಸ್ಕಾರ್ಟಿಗೆ ಝೀರೋ ಟ್ರಾಫಿಕ್ ಬೇಕು.

ಇದೆಲ್ಲ ಇವರ ರಕ್ತದಲ್ಲೇ ಬಂದದ್ದು ಎಂದು ನಮ್ಮ ಟೆಕ್ಕಿಗಳು ಫೋಟೋ ಹಾಕಿ ಬರೆಯುತ್ತಾರೆ. ಸುಳ್ಳು. 1960ರ ದಶಕದಲ್ಲಿ ಇಲ್ಲೂ ಕಾರಿನ ಹುಚ್ಚು ಹತ್ತಿತ್ತು. 1971ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು 3,000ಕ್ಕೂ ಹೆಚ್ಚು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆತಾಯಂದಿರು ಬೀದಿಗಿಳಿದರು. 1973ರಲ್ಲಿ ತೈಲದ ಬಿಕ್ಕಟ್ಟು ಬಂತು, ಭಾನುವಾರ ಕಾರು ಓಡಿಸುವಂತಿಲ್ಲ ಎಂದಾಯಿತು. ಸೈಕಲ್ ಹಾದಿ ಹುಟ್ಟಿದ್ದು ಜಗಳದಿಂದ. ನಮ್ಮಲ್ಲಿ ಸೈಕಲ್ ಹಾದಿ ಹುಟ್ಟುವುದು ಟೆಂಡರಿನಿಂದ. ಹಾಗಾಗಿಯೇ ಅದರ ಮೇಲೆ ಬೈಕು, ಬಂಡೆಕಲ್ಲು, ಪಾನಿಪುರಿ ಗಾಡಿ ಎಲ್ಲ ಇರುತ್ತವೆ, ಸೈಕಲ್ ಒಂದು ಬಿಟ್ಟು.

ಇಷ್ಟು ಸಪಾಟಾದ ದೇಶದಲ್ಲಿ ಸೈಕಲ್ ತುಳಿಯುವುದೇನು ಮಹಾ ಎಂದವನಿಗೆ ಎದುರುಗಾಳಿಯ ಪರಿಚಯವಿಲ್ಲ. ಸಮುದ್ರಕ್ಕೆ ಅಡ್ಡ ಕಟ್ಟಿದ ಓಸ್ಟರ್‌ಸ್ಖೆಲ್ಡ್ ತಡೆಗೋಡೆಯ ಮೇಲೆ ಎದುರುಗಾಳಿ ಸೈಕಲ್ ಚಾಂಪಿಯನ್‌ಶಿಪ್ಪೇ ನಡೆಯುತ್ತದೆ. ಗೇರಿಲ್ಲದ ಮಾಮೂಲಿ ಸೈಕಲ್ಲು, 8.5 ಕಿಲೋಮೀಟರ್, ಗಾಳಿಗೆ ಎದೆಯೊಡ್ಡಿ. ದಿನಾಂಕ ಮೊದಲೇ ಗೊತ್ತಿರುವುದಿಲ್ಲ, ಬಿರುಗಾಳಿ ಬರುವ ಸೂಚನೆ ಸಿಕ್ಕ ಮೇಲೆ ಪ್ರಕಟಿಸುತ್ತಾರೆ. ಆ ದೇಶದಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ನಡೆಯುವ ಕಾರ್ಯಕ್ರಮ ನನಗೆ ತಿಳಿದಂತೆ ಇದೊಂದೇ.

ಈಗ ಕಣ್ಣು ಮಿಟುಕಿಸಿದವರು ಕಾಯುತ್ತಿರುವ ವಿಷಯ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಫಿ ಬೇಕಾದವರು ಕಾಫಿಶಾಪಿಗೆ ಹೋಗಬಾರದು. ಅಲ್ಲಿ ಸಿಗುವುದು ಗಾಂಜಾ. ಗಾಂಜಾ ಅಲ್ಲಿ ಕಾನೂನುಬದ್ಧ ಎಂದು ತಿಳಿದಿದ್ದರೆ ಅದೂ ತಪ್ಪು. ಅಪರಾಧವೇ, ಆದರೆ 1976ರಲ್ಲಿ ಕಾನೂನು ತಿದ್ದಿದಾಗಿನಿಂದ ಸರ್ಕಾರ ಆ ಕಡೆ ನೋಡುವುದಿಲ್ಲ. ನೋಡದಿರುವುದಕ್ಕೂ ನಿಯಮಾವಳಿ ಇದೆ. ಒಬ್ಬ ಗಿರಾಕಿಗೆ ದಿನಕ್ಕೆ 5 ಗ್ರಾಮ್, ಅಂಗಡಿಯ ದಾಸ್ತಾನು 500 ಗ್ರಾಮ್ ಮೀರುವಂತಿಲ್ಲ, ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ, ಜಾಹೀರಾತು ಕೂಡದು, ಮದ್ಯ ಕೂಡದು. 2008ರಿಂದ ಒಳಗೆ ತಂಬಾಕು ಸೇದುವಂತಿಲ್ಲ. ಅಂದರೆ ಅಪ್ಪಟ ಗಾಂಜಾ ಸೇದಿ ಕೂತವನನ್ನು ಯಾರೂ ಮಾತಾಡಿಸುವುದಿಲ್ಲ, ಅದರೊಳಗೆ ಒಂದು ಚಿಟಿಕೆ ಸಿಗರೇಟಿನ ಪುಡಿ ಬೆರೆಸಿದರೆ ಜನರ ಆರೋಗ್ಯದ ಪ್ರಶ್ನೆ ಏಳುತ್ತದೆ.

ಇನ್ನೂ ಸೊಗಸಾದದ್ದು ಹಿಂಬಾಗಿಲು. ಅಂಗಡಿಯವನು ಮುಂದಿನ ಬಾಗಿಲಲ್ಲಿ ಮಾರಿದರೆ ಸರ್ಕಾರ ಸುಮ್ಮನಿರುತ್ತದೆ, ಆದಾಯದ ಮೇಲೆ ತೆರಿಗೆಯನ್ನೂ ಎಣಿಸಿಕೊಳ್ಳುತ್ತದೆ. ಅದೇ ಸರಕನ್ನು ಅವನು ಹಿಂದಿನ ಬಾಗಿಲಲ್ಲಿ ಕೊಂಡರೆ ಅಪರಾಧ, ಬೆಳೆಯುವುದೂ ಅಪರಾಧ. ಹಾಗಾದರೆ ಅಂಗಡಿಗೆ ಸರಕು ಬರುವುದು ಹೇಗೆ? ಸುಮಾರು ಅರ್ಧ ಶತಮಾನ ಇಡೀ ದೇಶ ಈ ಪ್ರಶ್ನೆ ಕೇಳಿಯೂ ಕೇಳದಂತೆ ಇತ್ತು. 2023ರ ಕೊನೆಯಲ್ಲಿ ಬ್ರೆಡಾ, ಟಿಲ್‌ಬರ್ಗ್ ಊರುಗಳಲ್ಲಿ ಪರವಾನಗಿ ಪಡೆದ ಬೆಳೆಗಾರರ ಮಾಲು ಮಾರುವ ಪ್ರಯೋಗ ಶುರುವಾಯಿತು. ಪಾನನಿಷೇಧವಿರುವ ರಾಜ್ಯಗಳಲ್ಲಿ ಬಾಟಲಿಗಳು ತಾವಾಗಿ ನಡೆದುಬರುವುದನ್ನು ಕಂಡ ಭಾರತೀಯನಿಗೆ ಇದೇನೂ ಹೊಸದಲ್ಲ. ಹೊಸದೆಂದರೆ ಕಂಡೂ ಕಾಣದಿರುವುದನ್ನು ಇವರು ಲಿಖಿತ ನೀತಿಯಾಗಿಸಿ ಅಚ್ಚು ಹಾಕಿರುವುದು. ನಮ್ಮಲ್ಲಿ ಅದು ಇನ್ನೂ ಬಾಯಿಮಾತಿನ ಪರಂಪರೆ.

ಇಂಥ ಆಕರ್ಷಣೆಗಳನ್ನು ಹತ್ತಾರು ವರ್ಷ ಮಾರಿದ ನಗರಕ್ಕೆ ಈಗ ಗಿರಾಕಿಗಳನ್ನು ಕಂಡರೆ ಆಗುವುದಿಲ್ಲ. ಪ್ರವಾಸಿಗಳೆಲ್ಲ ಹತ್ತಿ ಕೂರುತ್ತಿದ್ದ ಊರಿನ ಹೆಸರಿನ ದೊಡ್ಡ ಅಕ್ಷರಗಳನ್ನು 2018ರಲ್ಲಿ ಮ್ಯೂಸಿಯಂ ಚೌಕದಿಂದ ಕಿತ್ತುಹಾಕಿದರು. 2023ರಲ್ಲಿ, ಕುಡಿದು ಕುಣಿಯಲು ಬರುವ ಬ್ರಿಟನ್ನಿನ ಹುಡುಗರಿಗೆ ದಯವಿಟ್ಟು ದೂರ ಇರಿ ಎಂದು ನಗರಸಭೆಯೇ ಜಾಹೀರಾತು ಕೊಟ್ಟಿತು. ಅದೇ ವರ್ಷ ಕೆಂಪುದೀಪದ ಬೀದಿಗಳಲ್ಲಿ ಗಾಂಜಾ ಸೇದುವುದನ್ನು ನಿಷೇಧಿಸಿತು. 2024ರಿಂದ ಕೋಣೆ ಬಾಡಿಗೆಯ ಮೇಲೆ ಶೇಕಡಾ 12.5 ಪ್ರವಾಸಿ ತೆರಿಗೆ. ಹೊಸ ಹೋಟೆಲು ಕಟ್ಟಬೇಕಾದರೆ ಹಳೆಯದೊಂದು ಮುಚ್ಚಿರಬೇಕು. ನಾನು ತಂಗಿದ್ದ ಹಾಸ್ಟೆಲಿನಲ್ಲಿ ಟವೆಲಿಗೆ ಬಾಡಿಗೆ, ಲಾಕರಿನ ಬೀಗಕ್ಕೆ ಬಾಡಿಗೆ. ಬಾ ಎನ್ನಲು ಹಿಂದೆ ದುಡ್ಡು ಖರ್ಚು ಮಾಡಿದವರು ಈಗ ಬರಬೇಡ ಎನ್ನಲೂ ದುಡ್ಡು ಖರ್ಚು ಮಾಡಿ, ಎರಡನ್ನೂ ಬಂದವನ ಬಿಲ್ಲಿಗೇ ಸೇರಿಸುತ್ತಿದ್ದಾರೆ. ಇಂಥ ವ್ಯಾಪಾರಕ್ಕೆ 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ತಲೆಯೇ ಬೇಕು.

ಆ ಕಂಪನಿ ಮೆಣಸು, ಲವಂಗ, ಜಾಕಾಯಿಗಾಗಿ ಅರ್ಧ ಜಗತ್ತನ್ನು ಹಿಂಡಿತು. ಜಾಕಾಯಿಗಾಗಿ 1621ರಲ್ಲಿ ಬಾಂಡಾ ದ್ವೀಪಗಳ ಬಹುಪಾಲು ಜನರನ್ನೇ ಇಲ್ಲವಾಗಿಸಿತು. ಅಷ್ಟೆಲ್ಲ ಮಾಡಿ ತಂದದ್ದನ್ನು ಏನು ಮಾಡಿದರು? ಬೇಯಿಸಿದ ಹೂಕೋಸಿನ ಮೇಲೆ ಜಾಕಾಯಿ ತುರಿಯುತ್ತಾರೆ. ಅಷ್ಟೆ. ಬೆಳಗಿನ ತಿಂಡಿಗೆ ಬ್ರೆಡ್ಡಿಗೆ ಬೆಣ್ಣೆ ಸವರಿ, ನಾವು ಕೇಕಿನ ಮೇಲೆ ಉದುರಿಸುವ ಚಾಕೊಲೇಟ್ ಕಡ್ಡಿಗಳನ್ನು ಸುರಿದು, ಕೋಟು ಹಾಕಿದ ಗಂಭೀರ ಗಂಡಸರು ತಿನ್ನುತ್ತಾರೆ. ಮಧ್ಯಾಹ್ನ ಮತ್ತೆ ಬ್ರೆಡ್ಡು, ಚೀಸು. ಸಸ್ಯಾಹಾರಿಯಾದ ನಾನು ಊರೂರಿನಲ್ಲೂ ಆಲೂಗಡ್ಡೆ ತಿಂದು ಬದುಕಿದೆ.

ನಾಲಿಗೆಗೆ ಜೀವ ಬಂದದ್ದು ಹೇಗ್ ನಗರದಲ್ಲಿ, ಸುರಿನಾಮಿನವರ ಒಂದು ರೊಟ್ಟಿ ಅಂಗಡಿಯಲ್ಲಿ. ಮೆತ್ತನೆಯ ದೊಡ್ಡ ರೊಟ್ಟಿ, ಮಸಾಲೆ ಆಲೂಗಡ್ಡೆ, ಅಲಸಂದೆ ಕಾಯಿ, ಕುಂಬಳಕಾಯಿ ಪಲ್ಯ, ಪಕ್ಕದಲ್ಲಿ ಕಣ್ಣೀರು ತರಿಸುವ ಹಳದಿ ಮೆಣಸಿನಕಾಯಿ ಗೊಜ್ಜು. ಕೈಯಲ್ಲಿ ತಿನ್ನುತ್ತಿದ್ದರೂ ಯಾರೂ ನೋಡಲಿಲ್ಲ. ಅಲ್ಲಿ ಎಲ್ಲರೂ ಕೈಯಲ್ಲೇ ತಿನ್ನುತ್ತಿದ್ದರು. ಗಲ್ಲೆಯಲ್ಲಿ ಕೂತಿದ್ದ ಅಜ್ಜಿ ಭಾರತ ನೋಡಿದವರಲ್ಲ. ಅವರ ಅಜ್ಜನ ಅಪ್ಪ ಕಲ್ಕತ್ತದಲ್ಲಿ ಹಡಗು ಹತ್ತಿದ್ದರಂತೆ, ಕಬ್ಬಿನ ತೋಟದ ಐದು ವರ್ಷದ ಕೂಲಿಗೆ ಹೆಬ್ಬೆಟ್ಟು ಒತ್ತಿ. ಗುಲಾಮರು ಬಿಡುಗಡೆಯಾದ ಮೇಲೆ ಕೈಗಳು ಬೇಕಾದಾಗ, 1873ರಿಂದ 1916ರವರೆಗೆ ಸುಮಾರು 34,000 ಭಾರತೀಯರನ್ನು ಡಚ್ಚರ ಸುರಿನಾಮಿಗೆ ಸಾಗಿಸಲಾಯಿತು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಆ ಮುತ್ತಜ್ಜನಿಂದ ಯಾರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಲಿಲ್ಲ, ವಾಪಸ್ ಟಿಕೆಟ್ಟಿಗಾಗಿ ಪೀಡಿಸಲಿಲ್ಲ, ಆರೋಗ್ಯ ವಿಮೆಯ ಮಾತೇ ಬರಲಿಲ್ಲ. ದುಡಿಯಲು ಬರುವವನಿಗೆ ಆಗ ಎಷ್ಟು ಸಲೀಸಿತ್ತು, ದುಡ್ಡು ಖರ್ಚು ಮಾಡಲು ಬರುವವನಿಗೆ ಈಗ ಎಷ್ಟು ತಾಪತ್ರಯ!

ದೇಶದ ನೆತ್ತಿಯನ್ನೂ ನೋಡಿಬಿಡೋಣವೆಂದು ದಕ್ಷಿಣದ ತುದಿಯ ವಾಲ್ಸರ್‌ಬರ್ಗ್‌ಗೂ ಹೋದೆ. 322 ಮೀಟರ್. ನಂದಿಬೆಟ್ಟ 1,478 ಮೀಟರ್ ಎಂದು ಅಲ್ಲಿ ಹೇಳಲು ಸಂಕೋಚವಾಯಿತು. ಎರಡೂ ಕೈಯಲ್ಲಿ ಚಾರಣದ ಕೋಲು ಹಿಡಿದು ಏದುಸಿರು ಬಿಡುತ್ತಿದ್ದವರ ಸಂತೋಷ ಕೆಡಿಸಬಾರದು. ಬೆಟ್ಟ ಸಾಲದೆಂದು ಮೇಲೊಂದು ಗೋಪುರ ಕಟ್ಟಿದ್ದಾರೆ, ಅದಕ್ಕೆ ಟಿಕೆಟ್ಟು.

ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡ ಆಮ್‌ಸ್ಟಲ್‌ವೇನ್‌ನಲ್ಲಿ ಭಾರತೀಯರು ಬೇಕಾದಷ್ಟಿದ್ದಾರೆ, ಕನ್ನಡವೂ ಬಸ್ಸಿನಲ್ಲಿ ಕಿವಿಗೆ ಬೀಳುತ್ತದೆ. ಅಲ್ಲಿ ಶಿವಮೊಗ್ಗದ ನನ್ನ ಸಹಪಾಠಿ ಇದ್ದಾನೆ. ಬರ್ತೀನಿ ಎಂದು ಫೋನು ಮಾಡಿದರೆ, ‘ಲೋ, ಬಾರೋ, ಕೇಳೋದೇನಿದೆ!’ ಎಂದ. ಹಿಂದೆಯೇ ‘ಒಂದ್ನಿಮಿಷ, ಕ್ಯಾಲೆಂಡರ್ ನೋಡ್ತೀನಿ’ ಎಂದ. ಶನಿವಾರ ನಾಲ್ಕರಿಂದ ಐದೂವರೆ ಖಾಲಿ ಇತ್ತು. ಅದರ ಆಹ್ವಾನ ಇಮೇಲಿನಲ್ಲಿ ಬಂತು, ಒಪ್ಪಿಗೆ ಒತ್ತಿದೆ.

ಮನೆಯ ಕಿಟಕಿಗೆ ಪರದೆಯಿಲ್ಲ. ಆ ಬೀದಿಯಲ್ಲಿ ಯಾರ ಮನೆಗೂ ಇಲ್ಲ. ಶೌಚಾಲಯದ ಗೋಡೆಗೆ ನೆಂಟರಿಷ್ಟರ ಹುಟ್ಟುಹಬ್ಬದ ಕ್ಯಾಲೆಂಡರ್ ನೇತಾಡುತ್ತಿತ್ತು, ಅಲ್ಲಿನ ಪದ್ಧತಿಯಂತೆ. ಬೆಳಗಾಗೆದ್ದು ಎಲ್ಲರನ್ನೂ ನೆನೆಯಲು ಅದಕ್ಕಿಂತ ಏಕಾಂತದ ಜಾಗವಿಲ್ಲವೆಂದೋ ಏನೋ. ಕಾಫಿ ಬಂತು. ಜೊತೆಗೆ ತಗಡಿನ ಡಬ್ಬಿಯಲ್ಲಿ ಬಿಸ್ಕತ್ತು. ನಾನೊಂದು ತೆಗೆದುಕೊಂಡ ಮೇಲೆ ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು. ಹಿಂದಿನ ದಿನ ಸ್ಟೇಷನ್ನಿನಲ್ಲಿ ಸಿಕ್ಕಾಗ ಅವನೇ ಕೊಡಿಸಿದ್ದ ಸ್ಯಾಂಡ್‌ವಿಚ್ಚಿನ ಪಾಲಿಗೆ ಟಿಕ್ಕಿ ಕಳಿಸಿದ್ದೇನೆ, ನೋಡಿದೆಯಾ ಎಂದೂ ಕೇಳಿದ. ಟಿಕ್ಕಿ ಎಂದರೆ ಸಾಲ ವಸೂಲಿಯ ಆ್ಯಪು. 2016ರಲ್ಲಿ ಅಲ್ಲಿನ ಬ್ಯಾಂಕೊಂದು ಹೊರತಂದದ್ದು. ಗೆಳೆಯರು ಗೆಳೆಯರಿಗೆ ಅರ್ಧ ಯೂರೋಗೂ ನೋಟಿಸು ಕಳಿಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಊರಿಂದ ಬಂದಿದ್ದ ಅವನ ತಾಯಿ ಇದನ್ನೆಲ್ಲ ಕಿಟಕಿ ಪಕ್ಕ ಕೂತು ನೋಡುತ್ತಿದ್ದರು. ಎದುರು ಮನೆಯವರು ಆರು ಗಂಟೆಗೆ ಸರಿಯಾಗಿ ಊಟಕ್ಕೆ ಕೂರುವುದು, ಏನು ತಿನ್ನುವುದು, ಎಷ್ಟು ತಿನ್ನುವುದು ಎಲ್ಲ ಅವರಿಗೆ ಗೊತ್ತು. ಗಡಿಯಾರ ಐದೂ ಕಾಲು ತೋರಿಸಿದಾಗ ಎದ್ದರು.

‘ಬಾಪ್ಪ, ಕೈ ತೊಳ್ಕೊ. ಅನ್ನ ಸಾರು ಆಗಿದೆ. ಎಷ್ಟು ಸೊರಗಿಹೋಗಿದ್ದೀಯ!’

‘ಅಮ್ಮಾ,’ ಗೆಳೆಯ ದನಿ ತಗ್ಗಿಸಿದ, ‘ಅವನು ಬಂದಿರೋದು ಕಾಫಿಗೆ. ಊಟಕ್ಕಲ್ಲ.’

ತಾಯಿ ಮಗನನ್ನೊಮ್ಮೆ, ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು.

‘ಹಂಗೋ? ಸರಿ ಹಂಗಾದ್ರೆ. ಕಾಫಿ ಲೋಟದಲ್ಲೇ ಸಾರು ಬಿಟ್ಕೊಡ್ತೀನಿ. ನಿನ್ನ ಲೆಕ್ಕಾನೂ ತಪ್ಪಲ್ಲ.’

ಒಗ್ಗರಣೆ ಹಾಕಿದ ತಿಳಿಸಾರು, ಮೂರು ಲೋಟ ಕುಡಿದೆ. ಐದು ಇಪ್ಪತ್ತೆಂಟಕ್ಕೆ ಎದ್ದು ಬಂದೆ. ಈ ಬರಹ ಕಳಿಸುವ ಹೊತ್ತಿನವರೆಗೆ ಅದಕ್ಕೆ ಟಿಕ್ಕಿ ಬಂದಿಲ್ಲ.